ಹೊಟ್ಟೆಯೊಳಗೆ ಹೊಳೆ ದಾಟುವ ಅನ್ನ

ನಲವತ್ತಾರನೇ ಇಸವಿಯ ಕಾರ್ತಿಕ. ಸಿರುಗುಪ್ಪದಲ್ಲಿ ಬಳ್ಳಾರಿ ಬಸ್ಸಿಗೆ ಕಾದು ಕಾದು ಶಿವಬಸಮ್ಮನ ಕಾಲು ಜೋಮು ಹಿಡಿದಿತ್ತು. ಮದುವೆ ಜವಳಿಗೆ ಹೊರಟ ಇಬ್ಬರು ಬೀಗರು ಪಕ್ಕದಲ್ಲೇ ಜಗಳಕ್ಕೆ ನಿಂತ ಮೇಲೆ ಆಕೆಗೆ ಬಸ್ಸೇ ಮರೆತುಹೋಯಿತು. ಗಂಡಿನ ಅಪ್ಪ ರಾರಾವಿಯ ದೊಡ್ಡಬಸಪ್ಪ. ಹೆಣ್ಣಿನ ಅಪ್ಪ ಜಂಬಣ್ಣ, ಹೊಳೆಯಾಚೆಯ ನಿಜಾಮರ ಸೀಮೆಯವನು.

“ಮದುವಿ ನಿಮ್ಮೂರಾಗ ಅಂತ ಮಾತಾಗಿತ್ತಲ್ಲ ಜಂಬಣ್ಣ?”

“ಆಗಿತ್ರಿ. ಆದ್ರ ಹೊಳಿ ಈ ಕಡಿ, ನಿಮ್ಮ ದಂಡ್ಯಾಗ ಅಕ್ಕಿ ಅಗ್ಗ. ಹರಿಗೋಲು, ಸುಂಕದ ಕಟ್ಟಿ, ಬಂಡಿ ಬಾಡಿಗಿ ಎಲ್ಲಾ ದಾಟಿ ನಮ್ಮ ಮನಿ ಮುಟ್ಟೋದ್ರಾಗ ಅದೇ ಅಕ್ಕಿ ಎರಡು ಪಟ್ಟು ಆಗತೈತಿ.”

“ಅದಕ್ಕ?”

“ಮದುವಿ ನಿಮ್ಮೂರಾಗ ಆಗಲಿ. ಅಕ್ಕಿ ದಾಟಿಸೋ ಬದಲು ಮಂದೀನ ದಾಟಸ್ತೀನಿ. ಹೊಟ್ಟ್ಯಾಗಿನ ಅನ್ನಕ್ಕ ಯಾವ ಸುಂಕ?”

“ನಲವತ್ತು ಮಂದಿ ಅಂದಿದ್ರಿ.”

“ನಿಮ್ಮಲ್ಲಿ ಅನ್ನ ಅಗ್ಗ ಅಂತ ಗೊತ್ತಾಗಿ ಊರಿಗೆ ಊರೇ ಹೊಂಟು ನಿಂತೈತಿ.”

ದೊಡ್ಡಬಸಪ್ಪ ರುಮಾಲು ಬಿಚ್ಚಿ ಗಾಳಿ ಹಾಕಿಕೊಂಡ.

“ಹಂಗಾರ ಮದುವಿ ನಡುಹೊಳ್ಯಾಗ ಮಾಡೂಣು, ಹರಿಗೋಲಿನಾಗ. ಅದರಾಗ ಹತ್ತು ಮಂದಿ ಮ್ಯಾಲೆ ಹಿಡಿಯೂದಿಲ್ಲ.”

ಬಸ್ಸು ಬಂತು. ಮೊದಲು ಹತ್ತಿದ ಜಂಬಣ್ಣ ಬಾಗಿಲಲ್ಲಿ ಬಗ್ಗಿ ಕೂಗಿದ:

“ಆತು ಬೀಗರ, ತಾಳಿ ಹೊಳ್ಯಾಗ ಕಟ್ಟಸೂಣು. ಉಣ್ಣಾಕ ಮಾತ್ರ ನಿಮ್ಮ ದಂಡಿಗೇ ಇಳೀತೀವಿ!”