ಬೆಂಕಿರೋಗದ ಕಳ್ಳ ಸಿಕ್ಕಿದ

...ಹಿಡೀತು ಕಣೇ ಸಿಂಧು, ಹಿಡ್ದೇಬಿಡ್ತು! ಏನು? ಕೇಳಿಸ್ಲಿಲ್ವಾ? ಥೂ, ಈ ವಿಮಾನಗಳು! ತಾಳು, ಇದೊಂದು ಹೋಗ್ಲಿ... ಹಾಂ. ನನ್ನ ಕಂಪ್ಯೂಟರ್ ಕಳ್ಳನನ್ನ ಹಿಡೀತು! ರಾಗಿಗೆ ಬೆಂಕಿರೋಗ ತರೋ ಆ ಬೂಷ್ಟು ಇದೆಯಲ್ಲ, ಅದು ಬಿಡೋ ನೂರಾರು ಪ್ರೋಟೀನುಗಳಲ್ಲಿ ಪೈರಿಗೆ ಮೋಸ ಮಾಡೋದು ಯಾವ್ದು ಅಂತ ಹೇಳ್ಬಿಡ್ತು!

ಯಾಕೆ ನಗ್ತೀಯಾ? ಹೆಂಡ ಕುಡಿದ ಕೋತಿ ಥರ ಕುಣೀತಿದೀನಾ? ಕುಣೀತೀನಿ ಬಿಡೇ! ಈ ತೂಬಗೆರೆ ಹೊಲದಲ್ಲಿ ನೋಡೋರು ಯಾರಿದಾರೆ, ಆ ಎಮ್ಮೆ ಬಿಟ್ರೆ? ಮೂರು ವರ್ಷ ನೀನು ಬಿಸಿಲಲ್ಲಿ ರೋಗದ ಎಲೆ ಆರಿಸ್ದೆ, ನಾನು ಫ್ಯಾನ್ ಕೆಳಗೆ ಕೂತು ಕೀಬೋರ್ಡ್ ಕುಟ್ಟಿದೆ. ಬಾ, ಮೈಸೂರ್ ಪಾಕ್ ತಿನ್ನು. ಕೈ ಮಣ್ಣಾ? ಬಾಯಿ ತೆಗಿ ಸಾಕು.

ನಿಮ್ಮಪ್ಪನಿಗೆ ಹೆಂಗೆ ಹೇಳ್ತೀನಿ ಗೊತ್ತಾ? ಕೇಳು, ಕೇಳು... 'ಪಿಳ್ಳಪ್ಪನೋರೇ, ಮದುವೆ ಮನೆಗೆ ಗುರುತಿಲ್ಲದೋನೊಬ್ಬ ಬರ್ತಾನೆ. ಬಾಗಿಲಲ್ಲಿರೋ ಅಜ್ಜಿ ಕಾಲಿಗೆ ಬಿದ್ದು, ಚೆನ್ನಾಗಿದೀಯಾ ಅಜ್ಜಿ ಅಂತಾನೆ. ಯಾರ ಮೊಮ್ಮಗನೋ ಅಂತ ಅಜ್ಜಿ ಒಳಗೆ ಬಿಡ್ತಾಳೆ. ಇವನು ಮೊದಲ ಪಂಕ್ತೀಲೇ ಕೂತು ಹೋಳಿಗೆ ಬಾರಿಸ್ತಾನೆ! ಬೂಷ್ಟೂ ಹಂಗೇ. ಅದರ ಪ್ರೋಟೀನು ಪೈರನ್ನ ನಂಬಿಸುತ್ತೆ, ಹಿಂದೇನೇ ರೋಗ ನುಗ್ಗುತ್ತೆ. ಉಂಡ ಮನೆ ಜಂತೆ ಎಣಿಸೋ ಜಾತಿ!' ಹೆಂಗೆ? ಇಷ್ಟು ಹೇಳಿದ ಮೇಲೆ ಹೆಣ್ಣು ಕೇಳೋಕೂ ಧೈರ್ಯ ಬರುತ್ತೆ... ಏ, ಹೊಡೀಬೇಡ್ವೇ!

ನಮ್ಮ ಗೈಡ್ ಸಾರ್‌ಗೆ ಬೆಳಗ್ಗೇನೇ ಹೇಳ್ದೆ. ಬೆನ್ನು ತಟ್ಟಿದ್ದೇ ತಟ್ಟಿದ್ದು! ದೆಹಲಿ ಸಮ್ಮೇಳನದಲ್ಲಿ ನಾನೇ ಮಾತಾಡ್ಬೇಕಂತೆ. 'ಉಮಾಶಂಕರ್, ಪ್ರಬಂಧದಲ್ಲಿ ನಿನ್ನ ಹೆಸರೇ ಮೊದಲು' ಅಂದ್ರು. ನಿಂದೂ ಇರುತ್ತೆ ಕಣೇ, ಕೊನೇಲಿ... ಎಲೆ ತಂದುಕೊಟ್ಟವರು ಅಂತ.

ಯಾವ ಪ್ರೋಟೀನಾ? ಅದು... ಇರ್ಲಿ ಬಿಡು, ಇನ್ನೊಂದು ಚೂರು ತಿನ್ನು. ಏ, ಲ್ಯಾಪ್‌ಟಾಪ್ ಕೊಡೇ! ಈ ಬಿಸಿಲಲ್ಲಿ ಏನೂ ಕಾಣಲ್ಲ...

ಕಾಣ್ತಾ?

ಆ ಹೆಸರಿನ ಮೇಲೇ ಯಾಕೆ ಬೆರಳಿಟ್ಟೆ? ...ಹೌದು, ನಲ್ಲೂರು ಹುಣಸೆ ತೋಪಲ್ಲಿ ನೀನೂ ಇದನ್ನೇ ಅಂದಿದ್ದೆ. 'ನಂಗೆ ಇದರ ಮೇಲೇ ಗುಮಾನಿ, ನನ್ನ ಪರೀಕ್ಷೆ ಮುಗಿಯೋವರೆಗೂ ಯಾರಿಗೂ ಹೇಳ್ಬೇಡ' ಅಂದೆ. ನಾನು ಯಾರಿಗೂ ಹೇಳ್ಲಿಲ್ಲ! ಕಂಪ್ಯೂಟರ್ ತಾನಾಗೇ...

ಹಂಗೆ ನೋಡ್ಬೇಡ ಕಣೇ. ಬೈಯಿ. ಕೆನ್ನೆಗೆ ಒಂದು ಬಿಡು! ...ಕಂಪ್ಯೂಟರ್‌ಗೆ ಪಾಠ ಹೇಳೋಕೆ ಮೊದಲೇ ಗೊತ್ತಿರೋ ಕಳ್ಳ ಪ್ರೋಟೀನುಗಳ ಗುರುತು ಕೊಡ್ಬೇಕಲ್ವಾ? ಅವುಗಳ ಜೊತೆ ನೀನು ಹೇಳಿದ್ದನ್ನೂ... ಒಂದೇ ಒಂದು... ಸೇರಿಸ್ದೆ. ಅದನ್ನೇ ವಾಪಸ್ ಹೇಳ್ತು. ಎಲ್ಲಕ್ಕಿಂತ ಮೇಲೆ. ನಂಗೆ ಖುಷಿ ತಡೆಯೋಕಾಗ್ಲಿಲ್ಲ ಸಿಂಧು, ಕಂಪ್ಯೂಟರೇ ಹುಡುಕ್ತು ಅಂತ ನಂಬಿಬಿಟ್ಟೆ... ಇಲ್ಲ. ನಂಬಿದಂಗೆ ಇದ್ದೆ.

ಯಾರಿಗೆ ಫೋನ್ ಮಾಡ್ತಿದೀಯಾ? ಸಾರ್‌ಗಾ? ನಂಗ್ಯಾಕೆ ಕೊಡ್ತೀಯಾ... ಅಯ್ಯೋ, ರಿಂಗ್ ಆಗ್ತಿದೆಯಲ್ಲೇ!

ಹಲೋ... ಸಾರ್... ಇಲ್ಲ ಸಾರ್, ನಾನು ಉಮಾಶಂಕರ್. ಸಿಂಧು ಫೋನಿಂದ. ಹೂಂ, ಎದುರಿಗೇ ನಿಂತಿದಾಳೆ... ಸಾರ್, ಬೆಳಗ್ಗೆ ಹೇಳಿದ್ನಲ್ಲಾ... ಅದನ್ನ ಹಿಡಿದಿದ್ದು ಕಂಪ್ಯೂಟರ್ ಅಲ್ಲ ಸಾರ್.