ಅವ್ವಾರು ಬರುವ ದಿನ

ನೋಡಿ, ದೃಷ್ಟಾಂತದ ಕಥೆಗಳಲ್ಲಿ ಶ್ರೀಮಂತ ಯಾವಾಗಲೂ ಗಂಡಸೇ ಆಗಿರುತ್ತಾನೆ. ಇವತ್ತಿನ ಕಥೆಯ ಊರಲ್ಲಿ ಇದ್ದವಳು ಒಬ್ಬ ಹೆಂಗಸು. ಮೆಣಸಿನಕಾಯಿ ವ್ಯಾಪಾರದ ಮನೆತನ; ಗಂಡ ತೀರಿಕೊಂಡ ಮೇಲೆ ತಾನೇ ವ್ಯಾಪಾರ ನಡೆಸಿದವಳು. ಊರೆಲ್ಲ ಅವಳನ್ನು ಅವ್ವಾರು ಎನ್ನುತ್ತಿತ್ತು.

ಆ ಊರಿಗೆ ಒಂದು ವರ್ಷ ಪರದೇಶದ ಜನ ಬಂದರು. ತಮ್ಮ ಸೀಮೆಯಲ್ಲಿ ಗುಂಡು ಹಾರಿ, ಮನೆ ಸುಟ್ಟು, ಗಡಿ ದಾಟಿ ಬಂದವರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಹಿಡಿದು, ಗೋದಾಮುಗಳ ಹಿಂದಿನ ತಗಡಿನ ಸಾಲುಮನೆಗಳಲ್ಲಿ ನೆಲೆಸಿದರು. ಅವ್ವಾರಿಗೆ ಕರುಳು ಚುರುಕ್ ಎಂದಿತು. ತನ್ನ ಖಾಲಿ ಗೋದಾಮಿನಲ್ಲಿ ಒಂದು ಆಸರೆ ಕೇಂದ್ರ ತೆರೆದಳು. ಅರ್ಜಿ ಬರೆದುಕೊಡುವವರು ಅಲ್ಲಿ, ಮಕ್ಕಳನ್ನು ಶಾಲೆಗೆ ಸೇರಿಸುವವರು ಅಲ್ಲಿ, ಆಸ್ಪತ್ರೆಗೆ ಜೊತೆಯಾಗಿ ಹೋಗುವವರು ಅಲ್ಲಿ. ತಿಂಗಳಿಗೆ ಅಕ್ಕಿ, ಮನೆಗೆ ಕೊಡ, ಪಾತ್ರೆ, ಚಳಿಗೆ ಕಂಬಳಿ. ಒಳ್ಳೆಯವಳಲ್ಲವೇ? ಒಳ್ಳೆಯವಳೇ.

ಆದರೆ ಅವಳದೊಂದು ರೂಢಿ. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಆ ಸಾಲುಮನೆಗಳಿಗೆ ಹೋಗುವುದು, ಹೊಸ್ತಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸುವುದು. ಕೂರುವುದಿಲ್ಲ, ನೀರು ಕುಡಿಯುವುದಿಲ್ಲ. ಕೊಟ್ಟದ್ದು ಏನಾಯಿತೆಂದು ಕೊಟ್ಟವರು ನೋಡಬಾರದೇ?

ನೋಡಿದಳು. ಮೊದಲ ತಿಂಗಳು ಕೊಟ್ಟದ್ದೆಲ್ಲ ಇತ್ತು. ಎರಡನೆಯ ತಿಂಗಳು ಕಂಬಳಿಗಳು ಕಾಣಲಿಲ್ಲ. ಮೂರನೆಯ ತಿಂಗಳು ಕೊಡವಿಲ್ಲ, ಪಾತ್ರೆಯಿಲ್ಲ. ಕೊನೆಯ ಮನೆಯಲ್ಲಿ ಹಸಿ ಬಾಣಂತಿ ಗೋಣಿಚೀಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಕೂಸು, ಅದರ ತಲೆಯ ಮೇಲೆ ಕುಲಾವಿ ಇಲ್ಲ. ಆ ಕುಲಾವಿಯನ್ನು ಅವ್ವಾರೇ ಕೈಯಾರೆ ಹೆಣೆದು ಕೊಟ್ಟಿದ್ದಳು. ಎಲ್ಲಿ ಎಂದು ಕೇಳಿದರೆ ಬಾಣಂತಿ ನೆಲ ನೋಡಿದಳು.

ಆಗ ಹೊಕ್ಕಿತು ನೋಡಿ ಅನುಮಾನದ ಹುಳ. ಅವಳ ಗುಮಾಸ್ತ ಅದನ್ನು ಸಾಕಿದ.

"ಮಾರ್ಕೊಂಡು ತಿಂದಾರ್ರೀ ಅವ್ವಾರ. ಊರ ಇಲ್ಲದವರಿಗೆ ಮನಿ ಸಾಮಾನು ಯಾಕ ಬೇಕು?"

ಅವ್ವಾರು ಸಂತೆಗೆ ಹೋಗಿ ಹಳೆ ಸಾಮಾನಿನವರ ಗುಡ್ಡೆಗಳಲ್ಲಿ ಕೆಂಪಂಚಿನ ತನ್ನ ಕಂಬಳಿಗಳನ್ನು ಹುಡುಕಿದಳು. ಒಂದೂ ಇಲ್ಲ. ಅನುಮಾನ ಇಳಿಯಿತೇ? ಇಲ್ಲ, ಏರಿತು. ಕಳವಿನ ಮಾಲು ಸಿಗದಿದ್ದರೆ ಕಳ್ಳ ಜಾಣ ಎಂದಲ್ಲವೇ ನಮ್ಮ ತೀರ್ಮಾನ? ಆ ಜನ ನಕ್ಕರೆ ತನ್ನನ್ನು ನೋಡಿ ನಕ್ಕಂತೆ ಅವಳಿಗೆ ಕಂಡಿತು. ತಮ್ಮ ಭಾಷೆಯಲ್ಲಿ ಮಾತಾಡಿಕೊಂಡರೆ ತನ್ನನ್ನೇ ಬೈದಂತೆ ಕೇಳಿತು. ಕೇಂದ್ರ ಮುಚ್ಚಿಬಿಡುವುದೇ ಸರಿ ಎಂದುಕೊಂಡಳು. ಮುಚ್ಚುವ ಮೊದಲು ಒಮ್ಮೆ ಕೈಯಾರೆ ಹಿಡಿಯಬೇಕು ಎಂದೂ ಅಂದುಕೊಂಡಳು.

ನಾಲ್ಕನೆಯ ತಿಂಗಳು ಅದೇ ದಿನ ಬಂದಳು, ಆದರೆ ಹೊತ್ತಿಗೆ ಮುಂಚೆ, ಹಿತ್ತಿಲ ಓಣಿಯಿಂದ. ಮಾಗಿಯ ಚಳಿ. ನೋಡುತ್ತಾಳೆ: ಹೆಂಗಸರು ಕೊಡ, ಪಾತ್ರೆ, ಮಡಿಚಿದ ಕಂಬಳಿಗಳನ್ನು ಗೋಡೆಯಾಚೆ ದಾಟಿಸುತ್ತಿದ್ದಾರೆ. ಆಚೆ ನಿಂತು ತೆಗೆದುಕೊಳ್ಳುತ್ತಿದ್ದವಳು ಅದೇ ಊರಿನ ಮುದುಕಿ, ಅವರ ಜೊತೆ ತೊಟ್ಟು ಬಿಡಿಸುವವಳು. ಬಾಣಂತಿ ಕೂಸಿನ ಕುಲಾವಿ ತೆಗೆದಳು, ಮೈಯ ಮೇಲಿನ ಕಂಬಳಿ ಬಿಚ್ಚಿದಳು. ಕೂಸು ಅಳಲಿಲ್ಲ, ಕೆಮ್ಮಿತು. ಅಳುವಷ್ಟು ಉಸಿರು ಅದಕ್ಕಿರಲಿಲ್ಲ.

ಅವ್ವಾರನ್ನು ಕಂಡು ಎಲ್ಲರ ಕೈಗಳೂ ನಿಂತವು. ಮುದುಕಿ ಮಾತ್ರ ಹೆದರಲಿಲ್ಲ.

"ಬರ್ರೀ ಅವ್ವಾರ. ಇವತ್ತ ಲಗೂನ ಬಂದ್ರಿ. ಇವರು ಇನ್ನೂ ಬಡವರಾಗಿಲ್ಲ."

ಇದೆಲ್ಲ ಏನು ಎಂದು ಅವ್ವಾರು ಕೇಳಿದಳು. ಬಾಣಂತಿ ಪೇಟೆಯಲ್ಲಿ ಕಲಿತ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು. ಮೊದಲ ತಿಂಗಳು ಪಕ್ಕದ ಮನೆಯಲ್ಲಿ ಅವ್ವಾರು ಒಂದು ಫ್ಯಾನ್ ನೋಡಿದ್ದರಂತೆ. ಫ್ಯಾನ್ ಇದ್ದವರಿಗೆ ಏನು ಕಡಿಮೆ ಅಂದಿದ್ದರಂತೆ. ಆ ಮನೆಗೆ ಅಕ್ಕಿ ನಿಂತಿತಂತೆ. ಹಿಂದೆ ಇದ್ದ ಕ್ಯಾಂಪಿನಲ್ಲೂ ಚೆನ್ನಾಗಿ ಕಂಡವರ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕುತ್ತಿದ್ದರಂತೆ. ಅದಕ್ಕೇ ಅವ್ವಾರು ಬರುವ ದಿನ ಏನೂ ಕಾಣಬಾರದು.

"ಹೋದ ಸಲ ನೀವು ಬಾಗಲದಾಗ ಭಾಳ ಹೊತ್ತು ನಿಂತ್ರಿ," ಎಂದಳು. "ಆವಾಗಿಂದ ಕೂಸಿಗೆ ಎದಿ ಕಟ್ಟೇತಿ."

ಫ್ಯಾನಿನ ಮಾತು ಅವ್ವಾರಿಗೆ ನೆನಪೇ ಇರಲಿಲ್ಲ. ಕೊಟ್ಟವರು ಆಡಿದ್ದನ್ನು ಮರೆಯುತ್ತಾರೆ, ತೆಗೆದುಕೊಂಡವರು ಮರೆಯುವುದಿಲ್ಲ. ತನ್ನ ಶಾಲು ಸುತ್ತಿ ಕೂಸನ್ನು ಎತ್ತಿಕೊಂಡು ತಾನೇ ಆಸ್ಪತ್ರೆಗೆ ನಡೆದಳು. ಕೂಸು ಉಳಿಯಿತು. ಆದರೆ ಕೇಳಿ: ದಾರಿಯುದ್ದಕ್ಕೂ ಆ ತಾಯಿ ಅವ್ವಾರ ಕೈಯನ್ನೇ ನೋಡುತ್ತ ಬಂದಳು, ನನ್ನ ಕೂಸನ್ನು ಎಲ್ಲಿಗೆ ಒಯ್ಯುತ್ತಾಳೋ ಎಂದು. ಅನುಮಾನ ಅಂಟುರೋಗ. ಅವ್ವಾರು ಹೊಸ್ತಿಲಲ್ಲಿ ನಿಲ್ಲುವುದನ್ನು ಅಂದೇ ಬಿಟ್ಟಳು. ಆ ಮನೆಗೆ ನಿಂತ ಅಕ್ಕಿಯನ್ನು ಮತ್ತೆ ಕಳಿಸಿದಳು. ಆದರೂ ಆ ಕಂಬಳಿಗಳು ಮುಂಬಾಗಿಲ ಹಗ್ಗದ ಮೇಲೆ ಒಣಗುವುದಕ್ಕೆ ಇನ್ನೊಂದು ಚಳಿಗಾಲ ಹಿಡಿಯಿತು.

ಈಗ ನಮ್ಮ ಕಡೆಗೆ ತಿರುಗೋಣ. ಅವ್ವಾರನ್ನು ಬೈಯುವುದು ಸುಲಭ. ನಾವೂ ಊರು ಬಿಟ್ಟು ಬಂದವರಿಗೆ ವಾರಕ್ಕೊಮ್ಮೆ ಅಕ್ಕಿ-ಬೇಳೆಯ ಕಿಟ್ ಕೊಡುತ್ತೇವೆ. ಕೊಟ್ಟು ಬಂದವರು ನಾವೀಗ ಸೇರಿರುವ ಈ ಅಂಗಳದಲ್ಲೇ ನಿಂತು ಏನಂದಿರಿ? "ಕೈಯಾಗ ಫೋನ್ ಐತಿ, ಮತ್ತ ಅಕ್ಕಿಗೆ ಬರ್ತಾರ." ಅಂದಿದ್ದೀರೋ ಇಲ್ಲವೋ? ಊರು ಬಿಟ್ಟವರಿಗೆ ಅಲ್ಲೇ ಉಳಿದ ತಾಯಿಯ ದನಿ ಕೇಳುವುದು ಆ ಫೋನಿನಲ್ಲೇ, ನೋಡಿ. ನಿಮ್ಮ ಮನೆ ಕೆಲಸಕ್ಕೆ ಬರುವ ಪರಊರಿನ ಹೆಂಗಸು ಸಂಜೆ ಹೊರಟಾಗ ಅವಳ ಚೀಲ ಬಿಚ್ಚಿಸುತ್ತೀರಿ. ನಾಳೆಯಿಂದ ಬಿಚ್ಚಿಸಬೇಡಿ. ಕಿಟ್ ಕೊಡಲು ಹೋದರೆ ಕರೆದ ಮೇಲೆ ಒಳಗೆ ಹೋಗಿ, ಚಾಪೆ ಹಾಸಿದರೆ ಕೂರಿ, ಚಹಾ ಕೊಟ್ಟರೆ ಕುಡಿಯಿರಿ. ಗೋಡೆಯ ಮೇಲೇನಿದೆ, ಮೂಲೆಯಲ್ಲೇನಿದೆ ಎಂದು ನೋಡಬೇಡಿ. ಕೂಸು ಹೇಗಿದೆ ಎಂದು ಕೇಳಿ. ಅನುಮಾನ ಬರುತ್ತದೆ, ಬರಲಿ, ಮನುಷ್ಯರಿಗೆ ಬರುವುದೇ. ಆದರೆ ನೀವು ಬರುತ್ತೀರಿ ಎಂದು ಗೊತ್ತಾಗಿ ಯಾವ ತಾಯಿಯೂ ತನ್ನ ಕೂಸಿನ ಹೊದಿಕೆ ತೆಗೆಯಬಾರದು. ಇಷ್ಟು ನೋಡಿಕೊಳ್ಳಿ, ಸಾಕು.