ಉಸ್ಮಾನಸಾಬನ ಕೊಳವಿ

ಕೊಳವಿಯನ್ನು ಕಟ್ಟೆಯ ಮೇಲಿಂದ ಇಳಿಸಿ, ಲಾರಿಗೆ ಏರಿಸಿ, ತಾಡಪತ್ರಿ ಬಿಗಿದದ್ದೇ ತಡ, ಹುಲಗೂರಿನ ಕಡೆಯ ಆಕಾಶ ಕಪ್ಪಿಟ್ಟು ಧೋ ಎಂದು ಸುರಿಯತೊಡಗಿತು. ದುಂಡಸಿಯಾಚೆಯ ಆ ಸಣ್ಣ ಊರಿನ ಹಾದಿಯನ್ನು ಅಗಲ ಮಾಡಲೆಂದು ಅಗೆದು ಬಿಟ್ಟಿದ್ದರು. ಅಂಥ ಕೆಸರಿನಲ್ಲಿ ತುಂಬಿದ ಲಾರಿ ಹೊರಟರೆ ಹೂತುಹೋಗುವುದೇ ಸೈ. ಹೀಗಾಗಿ ವಿದ್ಯಾ, ಮನಸ್ಸು ಆಗಲೇ ಅರ್ಧ ಹಾದಿ ಮುಟ್ಟಿದ್ದರೂ, ಕೊಳವಿಯನ್ನು ಕಾಯ್ದುಕೊಂಡು ಬಂದ ಮುದುಕಿ ಚೌಡವ್ವನ ಮನೆಯ ಪಡಸಾಲೆಗೆ ತಿರುಗಿ ಬಂದು ಕೂರಬೇಕಾಯಿತು.

ವಿದ್ಯಾ ಹಾನಗಲ್ಲಿನವಳು. ಜಿಲ್ಲೆಯಲ್ಲಿ ಹೊಸದಾಗಿ ತೆರೆಯಲಿದ್ದ ವಸ್ತುಸಂಗ್ರಹಾಲಯಕ್ಕೆ ಹಳೆಯ ಸಾಮಾನು ಕೂಡಿಸುವ ಕೆಲಸ ಅವಳದು. ವೀರಗಲ್ಲು, ಕಂಚಿನ ಕೊಡ, ಮುರಿದ ಕತ್ತಿ ಇಂಥವು ಯಾವ ಊರಿಗೆ ಹೋದರೂ ಸಿಗುತ್ತವೆ. ಈ ಕೊಳವಿ ಹಾಗಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ಲಂಡನ್ನಿನ ಮೇಲೆ ಬಿಟ್ಟ ಹಾರುವ ಬಾಂಬಿನ ಎಂಜಿನ್ನು ಅದು. ಮುಂದೆ ಅಗಲ ಬಾಯಿ, ಬಾಯಿಗೆ ಜರಡಿಯಂಥ ಕಬ್ಬಿಣ, ಹಿಂದಕ್ಕೆ ಆಳುದ್ದಕ್ಕಿಂತ ಉದ್ದದ ಬಾಲ. ಅದು ಇಲ್ಲಿ ಲೋಬಾನದ ಹೊಗೆ ಕುಡಿಯುತ್ತ, ಕುಂಕುಮ ಬಳಿಸಿಕೊಂಡು ನಿಂತಿದೆ ಎಂದರೆ ಯಾರೂ ನಂಬಿರಲಿಲ್ಲ. ಫೋಟೋ ನೋಡಿದ ತಜ್ಞರು ಹೌದು ಎಂದ ದಿನ ಅವಳಿಗೆ ನೆಲ ಕಾಣಲಿಲ್ಲ. ಹಾದಿಯ ಕೆಲಸಕ್ಕೆ ಕಟ್ಟೆ ಹೇಗೂ ಒಡೆಯುವುದಿತ್ತು. ಚೌಡವ್ವನ ಮೊಮ್ಮಗ ದುರ್ಗೇಶ ಒಯ್ಯಿರಿ ಎಂದುಬಿಟ್ಟ. ಚೌಡವ್ವ ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಲಾರಿ ಹೊಡೆಯುವವನು ಸವಣೂರಿನ ಬಿಲಾಲ. ಮೂರು ಮಕ್ಕಳ ತಂದೆಯಾದರೂ ಮಾತಿಗೊಮ್ಮೆ ನಗುವ ಆಸಾಮಿ. ಹಗ್ಗ ಬಿಗಿಯುತ್ತ, "ಮೇಡಂರ, ಇದಕ್ಕ ಬೆಂಕಿ ಹಚ್ಚಿದ್ರ ಡಿಸೇಲ್ ಇಲ್ದ ಹಾವೇರಿ ಮುಟ್ಟತೇವಿ ನೋಡ್ರಿ!" ಎಂದು ಎಲ್ಲರನ್ನೂ ನಗಿಸಿದ್ದ. ಮಳೆ ಬಂದದ್ದೇ ಎಲೆ ಅಡಿಕೆ ಬಾಯಿಗೆ ತುರುಕಿಕೊಂಡು ಲಾರಿಯ ಕ್ಯಾಬಿನ್ನು ಸೇರಿದ್ದ.

ಪಡಸಾಲೆಯಲ್ಲಿ ನೆರೆಮನೆಯ ನಾಲ್ಕಾರು ಹೆಂಗಸರು, ದುರ್ಗೇಶ, ನಡುವೆ ಕಂಬಕ್ಕೊರಗಿದ ಚೌಡವ್ವ. ಎಲ್ಲರೂ ನೆಲದ ಮೇಲೆಯೇ. ಇದ್ದೊಂದು ಕುರ್ಚಿಯನ್ನು ವಿದ್ಯಾಳಿಗೆ ಕೊಟ್ಟಿದ್ದರು. ಚೌಡವ್ವ ಅವಳನ್ನೂ ಕುರ್ಚಿಯನ್ನೂ ಒಮ್ಮೆ ನೋಡಿದಳು.

"ಕೆಳಗ ಕುಂಡ್ರ ಬಾ ತಂಗಿ. ಆ ಡ್ರೈವರಪ್ಪನ್ನೂ ಒಳಗ ಕರಿ. ಕೊಳವಿ ಜೋಡಿ ಹೋಗಾವ್ರು ಎಲ್ಲಾರೂ ಈ ಮಾತು ಕೇಳಿರಬೇಕು."

"ಇರಲಿ ಬಿಡ್ರಿ ಆಯಿ. ಮಳ್ಯಾಗ ಯಾಕ ತೋಯಿಸ್ಕೊಂತಾನ, ಆಮ್ಯಾಲೆ ನಾನ ಹೇಳ್ತೇನಿ," ಎಂದಳು ವಿದ್ಯಾ. ಕೆಳಗೇನೋ ಕುಳಿತಳು. ಮುದುಕಿಯರ ಮಾತು ಕೇಳುವುದು ಅವಳಿಗೆ ಇಷ್ಟವೇ. ಮಳೆಯ ಆಚೆಗೆ ಎಲ್ಲೋ ಹಿಟ್ಟಿನ ಗಿರಣಿ ನಡೆದಂಥ ಸಪ್ಪಳ ಒಂದೇ ಸಮನೆ ಬರುತ್ತಿತ್ತು. ಚೌಡವ್ವ ಸ್ವಲ್ಪ ಹೊತ್ತು ಅದಕ್ಕೇ ಕಿವಿಗೊಟ್ಟು, ಆಮೇಲೆ ಶುರು ಮಾಡಿದಳು.

"ನಮ್ಮಪ್ಪ ಫಕ್ಕೀರಪ್ಪ ಹರೇದಾಗ ಮುಂಬೈಕ್ಕ ದುಡ್ಯಾಕ ಹೋದ. ಅವನ ಜೋಡಿ ಸವಣೂರ ಉಸ್ಮಾನಸಾಬ. ಇಬ್ರೂ ಒಂದ ತಾಟಿನ್ಯಾಗ ಉಣ್ಣಾವ್ರು... ಆ ಕಾಲದಾಗ ನಮ್ಮ ಕೇರಿ ಮಂದಿ ಜೋಡಿ ಯಾರು ಉಣ್ತಿದ್ರು ಹೇಳ? ಅದಕ್ಕ ಅಪ್ಪ ಅವನ್ನ ಜೀವಕ್ಕಿಂತ ಹೆಚ್ಚು ಹಚ್ಚಿಕೊಂಡಿದ್ದ. ಹಡಗಿನ ಹೊಟ್ಟ್ಯಾಗ ಕಲ್ಲಿದ್ದಲಿ ಒಟ್ಟೂ ಕೆಲಸ ಸಿಕ್ತು. ಬೆಂಕಿ ಮುಂದ ನಿಂತು ದುಡದು, ಪಾಳಿ ಮುಗದ ಮ್ಯಾಲೆ ಅಪ್ಪ ಊರ ನೆನಸ್ಕೊಂಡು ಕುಂತ್ರ ಉಸ್ಮಾನಸಾಬ ಬೈತಿದ್ದ... ಮಕ್ಕೋ ಫಕ್ಕೀರಾ, ಮಕ್ಕೋ, ನಾಳೆ ಮತ್ತ ದುಡೀಬೇಕು ಅಂತ. ದಿನಾ ಅದ ಮಾತು. ಇದನ್ನ ನೆನಪಿಟ್ಕೋ ತಂಗಿ.

"ಹಂಗ ಹೋಗಿ ಹೋಗಿ ಹಡಗ ಲಂಡನ್ ಬಂದರಕ್ಕ ಹತ್ತಿತು. ಆವಾಗ ಬರಾಕತ್ತಿದ್ವು ಇವು. ರೆಕ್ಕಿ ಅದಾವ, ಬಾಲದಾಗ ಬೆಂಕಿ ಐತಿ, ಒಳಗ ಮನಷ್ಯಾನ ಇಲ್ಲ! ಮನಷ್ಯಾ ಇಲ್ಲದ್ದು ಯಾರ ಮ್ಯಾಲೆ ಸಿಟ್ಟು ಮಾಡ್ಕೊಂಡು ಅಷ್ಟು ದೂರ ಬರತೈತಿ? ಗಿರಣಿ ಹಂಗ ಗುರ್ರ್ ಅಂತ ಸಪ್ಪಳ. ಆ ಸಪ್ಪಳ ಇರೂತನಕ ಯಾರೂ ಅಂಜತಿದ್ದಿಲ್ಲಂತ... ಚಾ ಕುಡ್ಯಾವ್ರು ಕುಡೀತಿದ್ರು, ನಡ್ಯಾವ್ರು ನಡೀತಿದ್ರು. ಸಪ್ಪಳ ನಿಂತ್ರ ಮಾತ್ರ ಮುಗೀತು. ನಿಂತ್ರ ಅದು ಬೀಳಾಕತ್ತೇತಿ ಅಂತ ಅರ್ಥ. ಇದ್ದಲ್ಲೇ ನೆಲಕ್ಕ ಬೀಳಬೇಕು, ಬೋರಲ.

"ಒಂದಿನ ಹಾಡಹಗಲಾಗ ಇಬ್ರೂ ಕೆಂಪು ಇಟ್ಟಂಗಿ ಗ್ವಾಡಿ ಇದ್ದ ಓಣ್ಯಾಗ ಹೊಂಟಿದ್ರು. ಉಸ್ಮಾನಸಾಬ ಮುಂದ, ಅಪ್ಪ ಹಿಂದ. ಮ್ಯಾಲೆ ಗುರ್ರ್ ಅನ್ನೂದು ಟಕ್ಕನ ನಿಂತಿತು. ಉಸ್ಮಾನಸಾಬ ನೆಲಕ್ಕ ಬಿದ್ದಾಂವನ 'ಮಕ್ಕೋ!' ಅಂತ ಚೀರಿದ. ನಮ್ಮ ಕಡೆ ಮಕ್ಕೋ ಅಂದ್ರೇನು? ಉದ್ದಕ ಬೀಳು ಅಂತನೂ ಹೌದು, ನಿದ್ದಿ ಮಾಡು ಅಂತನೂ ಹೌದು. ಅಪ್ಪಗ ದಿನಾ ಕೇಳೂ ಮಾತು ನೆನಪಾತು ನೋಡು... ನಗು ಬಂತು. ಓಣಿ ನಡುವ ನಿಂತು ಹೊಟ್ಟಿ ಹಿಡ್ಕೊಂಡು ನಕ್ಕ. 'ಹಗಲಾಗ ಮಕ್ಕೋ ಅಂತೀಯಲ್ಲೋ ಹುಚ್ಚಾ?' ಅಂದ. ಉಸ್ಮಾನಸಾಬ ಎದ್ದ, ಓಡಿ ಬಂದ, ಅಪ್ಪನ್ನ ಕೆಡವಿ ಮೈಮ್ಯಾಲೆ ಬಿದ್ದ. ಗ್ವಾಡಿ ಅವನ ಮ್ಯಾಲೆ ಬಿತ್ತು."

ಹೆಂಗಸರಲ್ಲಿ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟು ಸಲ ಕೇಳಿದ್ದಳೋ ಏನೋ, ಮತ್ತೆ ಅತ್ತಳು. ಒಂದು ಮಾತಿಗೆ ಎರಡು ಅರ್ಥ ಇದ್ದದ್ದಕ್ಕೆ ಒಂದು ಜೀವ ಹೋಗುವುದೆಂದರೆ ಎಂಥ ಅನ್ಯಾಯ ಎನಿಸಿತು ವಿದ್ಯಾಳಿಗೆ.

"ಅಪ್ಪ ತಿರುಗಿ ಬಂದು ಸವಣೂರಾಗ ಅವನ ಅವ್ವ ಜನ್ನತಬಿ ಮುಂದ ನಿಂತ. ಆಕಿ ಬೈಲಿಲ್ಲ. ಗೋರಿ ಎಲ್ಲೈತಿ ಅಂತ ಅಷ್ಟ ಕೇಳಿದ್ಲು. ಸಮುದ್ರದಾಚೆ ಐತಿ ಅಂತ ಹೆಂಗ ಹೇಳ್ತಾನ? ಹೂ ಹಾಕಾಕ ಒಂದು ಕಲ್ಲಿಲ್ಲ ಆಕಿಗೆ... ಮುಂದ ಹುಬ್ಬಳ್ಳಿ ಗುಜರಿಯಾಗ ಅಪ್ಪಗ ಈ ಕೊಳವಿ ಕಂಡ್ತು. ಲಡಾಯಿ ಮುಗದ ಮ್ಯಾಲೆ ಯಾರೋ ಸಾಹೇಬ್ರು ಮಂದಿಗೆ ತೋರಸಾಕ ತರಿಸಿದ್ರಂತ, ಬ್ಯಾಡಾಗಿ ಒಗದಿದ್ರು. ನೋಡಿದ್ದ ಗುರ್ತು ಹಿಡದ. ಚಕ್ಕಡಿ ಮ್ಯಾಲೆ ಹೇರ್ಕೊಂಡು ಬಂದು ಒಂದು ಕಟ್ಟಿ ಕಟ್ಟಿಸಿ ಅದರ ಮ್ಯಾಲೆ ನಿಲ್ಲಿಸಿ ಜನ್ನತಬಿನ್ನ ಕರ್ಕೊಂಡು ಬಂದ. ಊರಾಗಿನವ್ರು ಉಗದ್ರು... ಮಗನ್ನ ಕೊಂದದ್ದಕ್ಕ ಆಕಿ ಕೈಲೆ ಹೂ ಹಾಕಸ್ತೀಯೇನೋ ಅಂತ. ಆಕಿ ಕೊಳವಿ ಮ್ಯಾಲೆ ಕೈ ಆಡಿಸಿ ಏನಂದ್ಲು ಗೊತ್ತೇನು? 'ನನ್ನ ಮಗನ್ನ ಕಡೀಕ ಮುಟ್ಟಿದ್ದು ಇಂಥದ್ದ ಅಲ್ಲೇನ್ ಫಕ್ಕೀರಾ' ಅಂದ್ಲು. ಇರೂತನಕ ಬೇಸ್ತವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು, ಹೂ, ಸವಣೂರ ಎಲಿ ಇಟ್ಟು, ಲೋಬಾನ ಹಾಕಿ ಹೋದ್ಲು."

"ಇಂಥವು ಬ್ಯಾರೆ ದೇಶದಾಗೂ ಅದಾವ ಆಯಿ," ಎಂದಳು ವಿದ್ಯಾ, ಮಾತು ತಿಳಿಯಾಗಲೆಂದು. "ಲಂಡನ್ನಿನ ಮ್ಯೂಸಿಯಮ್ಮಿನ್ಯಾಗ ಒಂದನ್ನ ಸೂರಿಗೆ ತೂಗಬಿಟ್ಟಾರ. ಅಮೆರಿಕಾದ ಒಂದು ಸಣ್ಣ ಊರಾಗ ಕಲ್ಲಿನ ಕಟ್ಟಿ ಮ್ಯಾಲಿಟ್ಟು ಸತ್ತ ಸೈನಿಕರ ನೆನಪಿಗಂತ ಕಾಯ್ದಿಟ್ಟಾರ. ಮಂದಿ ನಿಂತು ಫೋಟೋ ತಕ್ಕೊಂತಾರ."

ಚೌಡವ್ವ ಅವಳ ಮುಖವನ್ನೇ ನೋಡಿದಳು. "ಅಲ್ಲಿ... ಅವುಗಳ ಹತ್ರ ಯಾರರೆ ಕರೀತಾರೇನು?"

ಮಳೆ ಇನ್ನೂ ಜೋರಾಯಿತು.

"ಇಲ್ಲಿ ಉಸ್ಮಾನಸಾಬ ಕರೀತಾನ. ಗಾಳಿ ಮಳಿ ಬಂದಾಗ ಕೊಳವಿ ಗುರ್ರ್ ಅಂತೈತಿ. ಅಂದ್ರ ಭಯ ಇಲ್ಲ. ಗಾಳಿ ಬೀಸತಿದ್ದಾಂಗ ಸಪ್ಪಳ ಟಕ್ಕನ ನಿಂತ್ರ... ಕಟ್ಟಿ ಕಡಿಂದ ಒಂದ ಮಾತು ಬರತೈತಿ. ಮಕ್ಕೋ! ನಮ್ಮೂರಾಗ ಸಣ್ಣ ಕೂಸು ಸೈತ ಮಾತು ಮುಗ್ಯೂದ್ರಾಗ ನೆಲಕ್ಕ ಬೀಳತೈತಿ. ಬಿದ್ರ ಏನೂ ಇಲ್ಲ. ನಿಂತಾವ್ರನ್ನ ಅವ ಬಿಡೂದಿಲ್ಲ... ಸಿಟ್ಟಿಲ್ಲ ಅವಗ, ಉಳಸಾಕ ಬರ್ತಾನ. ಅದ ದೊಡ್ಡ ತ್ರಾಸು ತಂಗಿ. ಸತ್ತೇನಿ ಅಂತ ಅವಗ ಇನ್ನೂ ಗೊತ್ತಿಲ್ಲ. ಹಿರೇಕೆರೂರಿಂದ ಬೀಗರ ಮನಿಗೆ ಬಂದಿದ್ದ ಮಂಜಪ್ಪ ಅಂತೊಬ್ಬ, ಯಾರಲೇ ಅದು ಅಂತ ನಿಂತ ಕೇಳಿದ. ಓಡಿ ಬರೂ ಹೆಜ್ಜಿ ಸಪ್ಪಳ ನಾವೆಲ್ಲಾ ಕೇಳಿದ್ವಿ. ಎದ್ದು ನೋಡಿದ್ರ ಮಂಜಪ್ಪ ಬೋರಲ ಬಿದ್ದಾನ, ಎದಿ ಅಪ್ಪಚ್ಚಿ ಆಗೇತಿ, ಬೆನ್ನ ಮ್ಯಾಲೆ ಕೆಂಪು ಇಟ್ಟಂಗಿ ಪುಡಿ. ನಮ್ಮೂರಾಗ ಆಗ ಇಟ್ಟಂಗಿ ಮನಿ ಎಲ್ಲಿದ್ವು? ಎಲ್ಲಾ ಮಣ್ಣಿನ ಗ್ವಾಡಿ.

"ಅಪ್ಪನೂ ಹಂಗ ಹೋದ. ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಸಪ್ಪಳ ನಿಂತ ಕೂಡ್ಲೆ ನಾವೆಲ್ಲಾ ನೆಲಕ್ಕ ಬಿದ್ರ ಅಪ್ಪ ಎದ್ದ ನಿಂತ. ನಾ ಧೋತರದ ಚುಂಗ ಹಿಡದು ಜಗ್ಗಿದೆ... ಕೊಸರಿಕೊಂಡು ಹೊರಗ ಹೋದ. ಕಟ್ಟಿ ಕಡೆ ಮುಖ ಮಾಡಿ, ಹರೇದ ಹುಡುಗನ ಹಂಗ ನಕ್ಕೊಂತ, 'ಹಗಲಾಗ ಮಕ್ಕೋ ಅಂತೀಯಲ್ಲೋ ಹುಚ್ಚಾ' ಅಂದ. ಗೆಳ್ಯಾನ ಹೆಜ್ಜಿ ಸಪ್ಪಳ ಕೇಳಬೇಕಂತ ಎಷ್ಟು ವರ್ಷ ಕಾದಿದ್ನೋ ಯಾರಿಗ್ಗೊತ್ತು..."

ಹೊರಗೆ ಗಿರಣಿಯ ಸಪ್ಪಳ ನಡೆದೇ ಇತ್ತು. ಏನಾದರೂ ಮಾತಾಡಬೇಕೆಂದು ವಿದ್ಯಾ ಬಾಯಿ ತೆರೆದಳು.

"ಮಳ್ಯಾಗನೂ ಗಿರಣಿ ಬಂದ್ ಮಾಡಿಲ್ಲಲ್ರಿ ಪಾಪ."

"ಕರೆಂಟ್ ಹೋಗಿ ಎಷ್ಟೊತ್ತಾತು ಮೇಡಂರ," ಎಂದ ದುರ್ಗೇಶ ಮೆಲ್ಲಗೆ. "ಮತ್ತ ಈ ಊರಾಗ ಗಿರಣಿ ಇಲ್ರಿ. ಹಿಟ್ಟಿಗೆ ದುಂಡಸಿಗೆ ಹೋಗತೇವಿ."

ವಿದ್ಯಾ ಬಾಗಿಲಾಚೆ ನೋಡಿದಳು. ಅಂಗಳದಲ್ಲಿ ಲಾರಿ. ಲಾರಿಯ ಮೇಲೆ ಗಾಳಿಗೆ ಪಟಪಟ ಬಡಿಯುತ್ತಿದ್ದ ತಾಡಪತ್ರಿ, ಅದರಡಿ ಕೊಳವಿ. ಗುರ್ರ್ ಎನ್ನುತ್ತಿದ್ದದ್ದು ಅದೇ.

"ಕೊಳವಿ ಇಳಿಸಿದ್ರ ಅವ ಕಟ್ಟಿ ಹತ್ರನ ಉಳೀತಾನ ಅಂದ್ಕೊಂಡಿದ್ದೆ," ಎಂದಳು ಚೌಡವ್ವ. "ಲಾರಿ ಹತ್ಯಾನ ನೋಡು. ಅದಕ್ಕ ಡ್ರೈವರಪ್ಪನ್ನ ಕರಿ ಅಂದದ್ದು. ಸಪ್ಪಳ ಇರೂದ್ರಾಗ ಮಾತು ಮುಗಸಬೇಕು ಅಂತ ಇಷ್ಟೊತ್ತು ಕಿವಿ ಅತ್ತಾಗ ಇಟ್ಟ ಮಾತಾಡೇನಿ. ಈಗರೆ ಕರಿ ತಂಗಿ..."

ಭಯವೋ ನಾಚಿಕೆಯೋ, ವಿದ್ಯಾ ದಡಕ್ಕನೆ ಎದ್ದು ಹೊಸ್ತಿಲಿಗೆ ಓಡಿದಳು. ಬಿಲಾಲನ ಹೆಸರು ಇನ್ನೂ ನಾಲಿಗೆಯ ಮೇಲಿತ್ತು.

ಸಪ್ಪಳ ಟಕ್ಕನೆ ನಿಂತಿತು.

ಮಳೆ ನಿಂತಿರಲಿಲ್ಲ, ಗಾಳಿ ನಿಂತಿರಲಿಲ್ಲ. ಹಿಂದೆ ಪಡಸಾಲೆಯಲ್ಲಿ ಬಳೆಗಳು ನೆಲಕ್ಕೆ ತಾಗಿದವು. ದುರ್ಗೇಶನ ಕೈ ಅವಳ ಕಾಲು ಹಿಡಿದು ಜಗ್ಗಿತು. ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಬಿದ್ದ ವಿದ್ಯಾಳಿಗೆ ಅಂಗಳದಿಂದ ಗಂಡಸಿನ ದನಿ ಕೇಳಿಸಿತು. ತನ್ನವರಿಗಾಗಿ ಚೀರುವ ದನಿ.

"ಮಕ್ಕೋ!"

ಕ್ಯಾಬಿನ್ನಿನ ಗಾಜು ಇಳಿಯಿತು. ಎಲೆ ಅಡಿಕೆಯಿಂದ ಉಬ್ಬಿದ ಗಲ್ಲದ ಬಿಲಾಲ ತಲೆ ಹೊರಗೆ ಹಾಕಿ, ಯಾರೆಂದು ಅತ್ತಿತ್ತ ನೋಡಿ, ನಕ್ಕ.

"ಯಾರಪಾ ಅದು? ಹಗಲಾಗ ಮಕ್ಕೋ ಅಂತೀಯಲ್ಲ?"

ಅವನನ್ನು ಕೂಗಲು ವಿದ್ಯಾ ಬಾಯಿ ತೆರೆಯುವುದರೊಳಗೆ, ಯಾರೂ ಇಲ್ಲದ ಅಂಗಳದ ಕೆಸರಿನಲ್ಲಿ ಹೆಜ್ಜೆಗಳು ಲಾರಿಯ ಕಡೆಗೆ ಓಡತೊಡಗಿದವು.